ಮನೆತನದ ಹೆಬ್ಬೆರಳು

ನಮ್ಮ ಅಪ್ಪನ ಹೆಬ್ಬೆರಳುಗಳು ಎಲ್ಲರ ಹೆಬ್ಬೆರಳಿನ ಹಾಗೆ ಇರಲಿಲ್ಲ. ಮಿಕ್ಕ ಬೆರಳುಗಳಂತೆಯೇ ಉದ್ದಕ್ಕೆ, ತೆಳ್ಳಗೆ, ಮೂರು ಗೆಣ್ಣಿನವು. ಗಿಡ್ಡಗೆ ದಪ್ಪಗೆ ಒಂದು ಪಕ್ಕಕ್ಕೆ ನಿಲ್ಲುವ ಬದಲು ಅವೂ ಉಳಿದ ಬೆರಳುಗಳ ಸಾಲಿಗೇ ಬಂದು ನಿಂತುಬಿಟ್ಟಿದ್ದವು. ಪೆನ್ನನ್ನು ತೋರುಬೆರಳು ನಡುಬೆರಳಿನ ಸಂದಿಯಲ್ಲಿ ಸಿಕ್ಕಿಸಿಕೊಂಡು ಬರೆಯುತ್ತಿದ್ದರು. ಅಂಗಿಯ ಕತ್ತಿನ ಗುಂಡಿ ಹಾಕಿಕೊಳ್ಳಲು ಆಗುತ್ತಿರಲಿಲ್ಲ, ಅದು ಅಮ್ಮನ ಕೆಲಸ. ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಎರಡು ಕೋಣೆಗಳಲ್ಲಿ ಅಪ್ಪ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಹೊಸದಾಗಿ ಸೇರಿದವರು ಮೊದಲ ದಿನ ಮೆಷಿನ್ ನೋಡುವುದು ಬಿಟ್ಟು ಅಪ್ಪನ ಕೈ ನೋಡುತ್ತಿದ್ದರು.

"ನನ್ನ ಥರ ಮಾಡೋಕೆ ಹೋಗ್ಬೇಡಿ, ನಂದು ಸ್ಪೆಷಲ್ ಮಾಡೆಲ್" ಎಂದು ಅಪ್ಪ ನಗುತ್ತಿದ್ದರು.

ಅದು ನಮ್ಮ ಮನೆತನದ ಗುರುತು ಎಂದು ಅಜ್ಜಿ, ಅಂದರೆ ಅಪ್ಪನ ಅಮ್ಮ, ಹೇಳುತ್ತಿದ್ದರು. ಅವರ ಗಂಡನಿಗೂ ಅಂಥದೇ ಬೆರಳಿತ್ತಂತೆ. ಅಂಥ ಬೆರಳಿನವರಿಗೆ ಕೈ ತುಂಬ ವಿದ್ಯೆ ಎನ್ನುವುದು ಅಜ್ಜಿಯ ಲೆಕ್ಕ. ಅಣ್ಣನಿಗೆ ಅದು ಎಡಗೈಯಲ್ಲಿ ಮಾತ್ರ ಬಂದಿತ್ತು. ನನಗೆ ಬಂದಿರಲಿಲ್ಲ. "ಇವಳು ಅವರಮ್ಮನ ಕಡೆ" ಎಂದು ಅಜ್ಜಿ ನನ್ನ ಕೈ ಹಿಡಿದು ನೋಡಿ ಬಿಟ್ಟುಬಿಡುತ್ತಿದ್ದರು. ಚಿಕ್ಕವಳಿದ್ದಾಗ ನನಗೆ ಅದು ಎಂಥ ಹೊಟ್ಟೆಯುರಿ ಎಂದರೆ, ಸ್ನಾನದ ಮನೆಯಲ್ಲಿ ನಿಂತು ಹೆಬ್ಬೆರಳನ್ನು ಎಳೆದೆಳೆದು ಉದ್ದ ಮಾಡಲು ನೋಡುತ್ತಿದ್ದೆ.

ಅಪ್ಪನದು ಇನ್ನೊಂದು ವಿಶೇಷವಿತ್ತು. ನಾಡಿ ಬಹಳ ನಿಧಾನ. ಜ್ವರ ಬಂದಾಗ ನೋಡಿದ ಡಾಕ್ಟರು ಕೈ ಹಿಡಿದು, "ಏನ್ರೀ, ಕ್ರೀಡಾಪಟುಗಳ ನಾಡಿ ಇದ್ದ ಹಾಗಿದೆ" ಎಂದಿದ್ದರು. ಅಮ್ಮ ಅದನ್ನು ಬಂದವರಿಗೆಲ್ಲ ಹೇಳುತ್ತಿದ್ದಳು. "ನಮ್ಮವರಿಗೆ ಯೋಗಿಗಳ ನಾಡಿ. ಸಿಟ್ಟೇ ಬರಲ್ಲ." ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಸಂಜೆ ಅಪ್ಪ ಕ್ಲಾಸಿನ ಮಧ್ಯೆ ಎದ್ದು ನಿಂತವರು ಹಾಗೇ ಕುಸಿದು ಬಿದ್ದರು. ಆಸ್ಪತ್ರೆಗೆ ಹೋಗುವಷ್ಟರಲ್ಲಿ ಮುಗಿದಿತ್ತು. ಹಾರ್ಟ್ ಅಟ್ಯಾಕ್ ಎಂದರು. ನಾವೂ ಹಾಗೆಯೇ ಅಂದುಕೊಂಡೆವು. ಐವತ್ತು ದಾಟಿದ ಗಂಡಸರು ಹಾಗೆ ಹೋಗುವುದನ್ನು ಬೀದಿಯಲ್ಲಿ ಎಲ್ಲರೂ ಕಂಡಿದ್ದರು, ಯಾರೂ ಬೇರೆ ಏನನ್ನೂ ಕೇಳಲಿಲ್ಲ.

ಅಪ್ಪ ಹೋದ ಎರಡನೇ ವರ್ಷ ಅಣ್ಣನಿಗೆ ಮದುವೆಯಾಯಿತು. ತೊಂಬತ್ತರ ದಶಕದ ಮೊದಲ ವರ್ಷಗಳು ಅವು. ಅಣ್ಣನಿಗೆ ಸರ್ಕಾರಿ ಕಚೇರಿಯಲ್ಲಿ ಕೆಲಸ. ಹುಡುಗಿ ಮಾವಳ್ಳಿಯವರು, ಒಂದು ಖಾಸಗಿ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರು. ಮುಂದೆ ನನಗೆ ಇನ್ನೊಬ್ಬರು ಅತ್ತಿಗೆ ಬಂದ ಮೇಲೆ, ಇವರನ್ನು ನಾನು ಮನಸ್ಸಿನಲ್ಲೇ ಮಾವಳ್ಳಿ ಅತ್ತಿಗೆ ಎಂದು ಕರೆಯತೊಡಗಿದೆ.

ಅವರ ತವರು ಲಾಲ್‌ಬಾಗಿಗೆ ಅಂಟಿಕೊಂಡ ಹಾಗೆ ಇತ್ತು. ಭಾನುವಾರ ತವರಿಗೆ ಹೋಗುವಾಗ ನನ್ನನ್ನೂ ಎಳೆದುಕೊಂಡು ಹೋಗುತ್ತಿದ್ದರು. ಊಟದ ತನಕ ಇಬ್ಬರೂ ಲಾಲ್‌ಬಾಗಿನಲ್ಲಿ ಅಲೆಯುತ್ತಿದ್ದೆವು. ಮರಗಳಿಗೆ ಹೊಡೆದ ತಗಡಿನ ಹೆಸರುಗಳನ್ನು ಕೈಯಿಂದ ಮುಚ್ಚಿ, "ಯಾವ್ದು ಹೇಳು ನೋಡೋಣ" ಎನ್ನುತ್ತಿದ್ದರು. ತಪ್ಪು ಹೇಳಿದರೆ ಎಲೆ ಕಿತ್ತು ಮೂಸಿಸುತ್ತಿದ್ದರು. ನನಗೆ ಅಕ್ಕ ಇರಲಿಲ್ಲ. ಅಪ್ಪ ಹೋದ ಮೇಲೆ ಮನೆಯಲ್ಲಿ ಗಟ್ಟಿಯಾಗಿ ನಗುವವರೂ ಇರಲಿಲ್ಲ. ಅವರು ಬಂದ ಮೇಲೆ ಅಡುಗೆಮನೆಯಲ್ಲಿ ಅಮ್ಮನೂ ಒಂದೆರಡು ಸಲ ಬಾಯಿಗೆ ಸೆರಗಿಟ್ಟುಕೊಂಡು ನಕ್ಕಿದ್ದು ನೆನಪಿದೆ. ಅಮ್ಮ ಕೆಟ್ಟವಳಲ್ಲ. ಇದನ್ನು ಮೊದಲೇ ಹೇಳದಿದ್ದರೆ ಮುಂದಿನದು ಅವಳಿಗೆ ಅನ್ಯಾಯವಾಗುತ್ತದೆ.

ಅತ್ತಿಗೆ ಗರ್ಭಿಣಿಯಾದರು. ಐದನೇ ತಿಂಗಳಲ್ಲೋ ಏನೋ ಒಂದು ಗ್ರಹಣ ಬಂತು. ಅಮ್ಮ ದರ್ಭೆ ಹಾಕಿ, ಕಿಟಕಿ ಮುಚ್ಚಿ, ಸೊಸೆಯನ್ನು ಕಾಯುತ್ತ ಕೂತಿದ್ದಳು. ಅತ್ತಿಗೆಗೆ ಸ್ಕೂಲಿನಲ್ಲಿ ಪರೀಕ್ಷೆಯ ಕೆಲಸ. ರಜ ಸಿಕ್ಕಿರಲಿಲ್ಲ. ಬಸ್ಸು ತಡವಾಗಿ, ಗ್ರಹಣ ಹಿಡಿದ ಮೇಲೆ ಬೀದಿಯಲ್ಲಿ ನಡೆದು ಬಂದರು. "ಏನೂ ಆಗಲ್ಲ ಅತ್ತೆ, ಬರೀ ನೆರಳು ಅದು" ಎಂದು ನಕ್ಕು, ಅಮ್ಮ ಹೇಳಿದ ಹಾಗೆಯೇ ತಲೆಗೆ ಸ್ನಾನ ಮಾಡಿದರು. ಅಲ್ಲಿಗೆ ಅದು ಮುಗಿಯಿತು ಎಂದು ಎಲ್ಲರೂ ಅಂದುಕೊಂಡೆವು.

ಗಂಡು ಮಗು. ಬಾಣಂತನ ಮಾವಳ್ಳಿಯಲ್ಲಿ. ನಾವು ನೋಡಲು ಹೋದಾಗ ಅಮ್ಮ ಮೊದಲು ಮಾಡಿದ ಕೆಲಸವೆಂದರೆ ಬಟ್ಟೆ ಸರಿಸಿ ಕೈ ನೋಡಿದ್ದು. ಬಲಗೈಯಲ್ಲಿ ಅಪ್ಪನ ಬೆರಳೇ! ಮೂರು ಗೆಣ್ಣು, ಕಡ್ಡಿಯ ಹಾಗೆ ಸಣ್ಣಗೆ. ಎಡಗೈಯಲ್ಲಿ ಹೆಬ್ಬೆರಳೇ ಇರಲಿಲ್ಲ, ಅದಿರಬೇಕಾದಲ್ಲಿ ಒಂದು ಸಣ್ಣ ಗಂಟು. ಅಮ್ಮನ ಕಣ್ಣಲ್ಲಿ ನೀರು ಬಂತು. ಅದು ಸಂತೋಷದ ನೀರು. "ಅವರೇ ಬಂದಿದಾರೆ" ಎಂದಳು. ಬೀಗಿತ್ತಿ ಎಡಗೈ ನೋಡಿ ಗಾಬರಿಯಾಗಿದ್ದರು. ಅಮ್ಮ ಅವರಿಗೇ ಸಮಾಧಾನ ಹೇಳಿದಳು. "ಏನೂ ಯೋಚನೆ ಮಾಡ್ಬೇಡಿ. ಇದು ನಮ್ಮ ಮನೆ ಕೈ."

ಮಗು ಹಾಲು ಕುಡಿಯುವಾಗ ಹಣೆಯಲ್ಲಿ ಬೆವರು ಹನಿಯುತ್ತಿತ್ತು. ಎರಡು ಗುಟುಕು ಕುಡಿದು ಸುಸ್ತಾಗಿ ಬಿಟ್ಟುಬಿಡುತ್ತಿತ್ತು. ಅದನ್ನು ಮೊದಲು ಗಮನಿಸಿದ್ದು ಅತ್ತಿಗೆಯೇ. ಎಲ್ಲರೂ ಸೆಕೆ ಎಂದರು. ಅವರು ಬಿಡದೆ ಮಗುವನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಹೋದರು. ಹೃದಯದ ಗೋಡೆಯಲ್ಲಿ ದೊಡ್ಡ ರಂಧ್ರವಿದೆ ಎಂದು ಗೊತ್ತಾಯಿತು. ಆಪರೇಷನ್ ಮಾಡಬಹುದು, ಆದರೆ ಸ್ವಲ್ಪ ತೂಕ ಏರಲಿ ಎಂದರು ಡಾಕ್ಟರು. ಯಾಕೆ ಹೀಗಾಯಿತು ಎಂದು ಅಣ್ಣ ಕೇಳಿದ್ದಕ್ಕೆ, ಹೇಳುವುದು ಕಷ್ಟ, ಬಹಳಷ್ಟು ಸಲ ಕಾರಣ ಗೊತ್ತಾಗುವುದಿಲ್ಲ ಎಂದರು.

ಮನೆಗೆ ಬಂದವರಿಗೆ ಆ ಉತ್ತರ ಸಾಲಲಿಲ್ಲ. ಮಗುವನ್ನು ನೋಡಲು ಬಂದವರೆಲ್ಲ ಯಾಕೆ, ಹೇಗೆ ಎಂದು ಕೇಳುತ್ತಿದ್ದರು. ಅಮ್ಮ ಏನಾದರೂ ಹೇಳಲೇಬೇಕಿತ್ತು. ಮೊದಲು, "ಏನೋಪ್ಪ, ನಮ್ಮ ಕಡೆ ಯಾರಿಗೂ ಇಲ್ಲ" ಎಂದಳು. ಸ್ವಲ್ಪ ದಿನ ಹೋದ ಮೇಲೆ, "ಗ್ರಹಣದ ದಿನ ಬೀದೀಲಿದ್ಲು, ನಾನು ಬೇಡ ಅಂದಿದ್ದೆ" ಎನ್ನುವುದು ಸೇರಿತು. ಆಮೇಲೆ ಅತ್ತಿಗೆಯ ಚಿಕ್ಕಮ್ಮನ ಮಗುವೊಂದು ಹಿಂದೆಂದೋ ಜ್ವರದಲ್ಲಿ ಹೋಗಿದ್ದು ಯಾರ ಬಾಯಿಂದಲೋ ಬಂತು. "ಅವರ ಕಡೇದು" ಎಂದಾಯಿತು. ಅಮ್ಮ ಒಂದು ದಿನವೂ ಸೊಸೆಯ ಎದುರು ನಿಂತು ಬೈಯಲಿಲ್ಲ. ಹಜಾರದಲ್ಲಿ ಬಂದವರಿಗೆ ಹೇಳುತ್ತಿದ್ದಳು. ಕೋಣೆಯಲ್ಲಿ ಮಗುವಿಗೆ ಹಾಲು ಕುಡಿಸುತ್ತ ಅತ್ತಿಗೆ ಕೇಳಿಸಿಕೊಳ್ಳುತ್ತಿದ್ದರು. ಅಣ್ಣ ಪೇಪರು ಓದುತ್ತಿದ್ದ.

ಮಗುವಿನ ತೂಕ ಏರಲಿಲ್ಲ. ಐದು ತಿಂಗಳು ತುಂಬುವ ಹೊತ್ತಿಗೆ ನೆಗಡಿಯಾಗಿ, ಅದು ಎದೆಗಿಳಿದು, ಆಸ್ಪತ್ರೆಗೆ ಸೇರಿಸಿದ ಮೇಲೆ ಹೆಚ್ಚು ದಿನ ಬದುಕಲಿಲ್ಲ.

ಅದಾದ ಮೇಲೆ ಅತ್ತಿಗೆಯನ್ನು ಅವರ ಅಪ್ಪ ಬಂದು ಸ್ವಲ್ಪ ದಿನಕ್ಕೆಂದು ಕರೆದುಕೊಂಡು ಹೋದರು. ಹೋಗುವಾಗ ಅತ್ತಿಗೆ ಅಮ್ಮನಿಗೆ ನಮಸ್ಕಾರ ಮಾಡಿದರು. "ಮೈ ಸುಧಾರಿಸ್ಕೊಂಡು ಬಾ" ಎಂದಳು ಅಮ್ಮ. ಬಾ ಎಂದಿದ್ದೇನೋ ನಿಜ, ಆದರೆ ಅಂಥ ಸಮಯದಲ್ಲಿ ಸೊಸೆ ತಾನಾಗಿ ಬರುವುದಿಲ್ಲ, ಈ ಕಡೆಯಿಂದ ಯಾರಾದರೂ ಹೋಗಿ ಕರೆತರಬೇಕು. ಯಾರೂ ಹೋಗಲಿಲ್ಲ. ಒಂದು ತಿಂಗಳಾದ ಮೇಲೆ ನಾನು ಅಣ್ಣನನ್ನು ಕೇಳಿದೆ.

"ಅತ್ತಿಗೇನ ಯಾವಾಗ ಕರ್ಕೊಂಡ್ ಬರ್ತೀಯ?"

"ಅಮ್ಮ ಸ್ವಲ್ಪ ತಣ್ಣಗಾಗ್ಲಿ" ಎಂದ.

"ಅಮ್ಮ ಬಿಸಿಯಾಗೇ ಇಲ್ವಲ್ಲ?"

ಅಣ್ಣ ಪೇಪರು ಎತ್ತಿಕೊಂಡ. ಅವನಿಗೆ ಮಗುವನ್ನು ಕಳೆದುಕೊಂಡ ದುಃಖವಿತ್ತು, ಅದು ಸುಳ್ಳಲ್ಲ. ಆ ದುಃಖದಲ್ಲಿ ಹೆಂಡತಿಯ ಮುಖ ನೋಡುವುದು ಅವನಿಗೆ ಕಷ್ಟವಾಗಿತ್ತು. ಇನ್ನೊಂದು ಮಗು ಹುಟ್ಟಿ ಅದಕ್ಕೂ ಹೀಗೇ ಆದರೆ ಎನ್ನುವ ಹೆದರಿಕೆ ಇತ್ತು. ಅಮ್ಮ ಹೇಳಿದ್ದನ್ನು ಅವನು ಅಲ್ಲಗಳೆಯಲೂ ಇಲ್ಲ, ಒಪ್ಪಲೂ ಇಲ್ಲ. ತಿಂಗಳುಗಳು ಹೋದವು. ಅವರ ಅಪ್ಪ ಎರಡು ಸಲ ಬಂದು ಮಾತಾಡಿದರು, ಮೂರನೇ ಸಲ ಬರಲಿಲ್ಲ. ಕೊನೆಗೆ ಕೋರ್ಟಿನಲ್ಲಿ ಇಬ್ಬರೂ ಒಪ್ಪಿ ಬೇರೆಯಾದರು. ಜಗಳವಿಲ್ಲ, ಕೂಗಾಟವಿಲ್ಲ. ಅತ್ತಿಗೆಯ ಸಾಮಾನು ತೆಗೆದುಕೊಂಡು ಹೋಗಲು ಅವರ ತಮ್ಮ ಆಟೋದಲ್ಲಿ ಬಂದಿದ್ದ. ಲಾಲ್‌ಬಾಗಿನಲ್ಲಿ ನಾವು ಆಯ್ದುಕೊಂಡು ಬಂದ ಕಾಯಿಗಳ ಡಬ್ಬಿಯನ್ನು ಅವರು ನನಗೇ ಇರಲಿ ಎಂದು ಹೇಳಿ ಕಳಿಸಿದ್ದರು.

ನನ್ನ ಮದುವೆ ಗೊತ್ತಾದಾಗ ಬಳೇಪೇಟೆಗೆ ಗೆಳತಿಯ ಜೊತೆ ಬಳೆ ತರಲು ಹೋಗಿದ್ದೆ. ಕೈಗಾಡಿ, ಸ್ಕೂಟರುಗಳ ಮಧ್ಯೆ ಯಾರೋ ಭುಜ ಮುಟ್ಟಿದರು. ತಿರುಗಿದರೆ ಮಾವಳ್ಳಿ ಅತ್ತಿಗೆ. ಸ್ಕೂಲ್ ಡೇ ನಾಟಕಕ್ಕೆ ಏನೋ ಸಾಮಾನು ಕೊಳ್ಳಲು ಬಂದಿದ್ದರು. ತೆಳ್ಳಗಾಗಿದ್ದರು. ಹುಡುಗ ಯಾರು, ಎಲ್ಲಿ ಮನೆ ಎಂದೆಲ್ಲ ಕೇಳಿ, ಅಂಗಡಿಯೊಳಗೆ ಬಂದು, ನಾನು ಆರಿಸಿದ ಬಳೆಗಳನ್ನು ತಾವೇ ನನ್ನ ಕೈಗೆ ತೊಡಿಸಿ ಅಳತೆ ನೋಡಿದರು. ನನಗೆ ಅಳು ಬರುವ ಹಾಗಾಗಿತ್ತು. ಹೊರಡುವಾಗ ನನ್ನನ್ನು ಸ್ವಲ್ಪ ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು.

"ಮುಂದೆ ಬಸುರಿಯಾದಾಗ ಗ್ರಹಣ ಗಿಹಣ ಬಂದ್ರೆ ಹೊರಗೆ ಕಾಲಿಡ್ಬೇಡ ಪುಟ್ಟಿ. ನಂಬಿಕೆ ಇರ್ಲಿ ಬಿಡ್ಲಿ. ಒಂದ್ ದಿನದ್ದು ತಾನೆ?"

"ಅತ್ತಿಗೆ, ಬರೀ ನೆರಳು ಅಂತಿದ್ರಲ್ಲ ನೀವು?"

"ಅಂತಿದ್ದೆ" ಎಂದರು.

ಅಷ್ಟು ಹೇಳಿ ಜನರ ಮಧ್ಯೆ ಹೋಗಿಬಿಟ್ಟರು. ಅಮ್ಮನ ಮಾತು ಅವರೊಳಗೆ ಎಷ್ಟು ಆಳಕ್ಕೆ ಇಳಿದಿತ್ತು ಎಂದು ನನಗೆ ತಿಳಿದಿದ್ದು ಆ ದಿನ.

ಅಷ್ಟರಲ್ಲಿ ಅಣ್ಣನಿಗೆ ಮತ್ತೆ ಮದುವೆಯಾಗಿತ್ತು. ಈ ಅತ್ತಿಗೆ ಕುಮಾರ ಪಾರ್ಕಿನವರು. ಅವರಪ್ಪನದು ಹಾರ್ಡ್‌ವೇರ್ ಅಂಗಡಿ. ಮನಸ್ಸಿಗೆ ಬಂದದ್ದನ್ನು ನೇರ ಆಡುವವರು. ಹಜಾರದಲ್ಲಿ ಆಡಿದ ಮಾತನ್ನು ಕೋಣೆಯಲ್ಲಿ ಕೂತು ಕೇಳಿಸಿಕೊಳ್ಳುವ ಹೆಂಗಸಲ್ಲ, ಎದ್ದು ಹಜಾರಕ್ಕೇ ಬರುವವರು. ಅವರಿಗೆ ಹೆಣ್ಣು ಮಗು ಹುಟ್ಟಿತು. ಎರಡೂ ಕೈಯಲ್ಲಿ ಅಪ್ಪನ ಹೆಬ್ಬೆರಳು. ಅಮ್ಮ ಮತ್ತೆ ಕಣ್ಣೊರೆಸಿಕೊಂಡಳು. ಮಗು ಹಾಲು ಚೆನ್ನಾಗಿ ಕುಡಿಯಿತು, ಬೆವರಲಿಲ್ಲ, ಗುಂಡಗಾಯಿತು. ಎಲ್ಲರೂ ನೆಮ್ಮದಿಯ ಉಸಿರು ಬಿಟ್ಟೆವು.

ಹುಡುಗಿ ಒಂದನೇ ಕ್ಲಾಸಿಗೆ ಸೇರಿದ ವರ್ಷ ಸ್ಕೂಲಿನಲ್ಲಿ ಡಾಕ್ಟರು ಬಂದು ಮಕ್ಕಳನ್ನೆಲ್ಲ ಪರೀಕ್ಷೆ ಮಾಡಿದರು. ಇವಳ ಎದೆಯಲ್ಲಿ ಸದ್ದು ಬೇರೆ ಥರ ಕೇಳುತ್ತಿದೆ, ತೋರಿಸಿ ಎಂದು ಹೇಳಿ ಕಳಿಸಿದರು. ತೋರಿಸಿದರೆ, ಹೃದಯದ ಮೇಲಿನ ಕೋಣೆಗಳ ನಡುವೆ ರಂಧ್ರ. ಓಡಿದರೆ ಬೇಗ ಸುಸ್ತಾಗುತ್ತಾಳೆ, ಆಗಾಗ ಕೆಮ್ಮು ಎಂದುಕೊಂಡಿದ್ದಕ್ಕೆಲ್ಲ ಅದೇ ಕಾರಣ. ಆಪರೇಷನ್ನಿನಿಂದ ಪೂರ್ತಿ ಸರಿಹೋಗುತ್ತದೆ, ಅವಸರವಿಲ್ಲ ಎಂದರು.

ನನಗೆ ಆಗ ಮದುವೆಯಾಗಿ ಬಸವನಗುಡಿಯಲ್ಲಿ ಮನೆ. ಸುದ್ದಿ ಕೇಳಿ ಚಾಮರಾಜಪೇಟೆಗೆ ಹೋದೆ. ಅಡುಗೆಮನೆಯಲ್ಲಿ ಅಮ್ಮ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಳು. ಕುಮಾರ ಪಾರ್ಕಿನ ಅತ್ತಿಗೆ ಒಲೆಯ ಹತ್ತಿರ ನಿಂತಿದ್ದರು. ಅಮ್ಮ ತನಗೇ ಎನ್ನುವ ಹಾಗೆ ಶುರುಮಾಡಿದಳು. "ನಮ್ಮ ಕಡೆ ಯಾರಿಗೂ ಇಲ್ಲಪ್ಪ. ಬಸುರೀಲಿ ಏನ್ ಮಾತ್ರೆ ತಗೊಂಡಿದ್ಲೋ..."

ಅತ್ತಿಗೆ ಒಲೆ ಆರಿಸಿ ತಿರುಗಿದರು.

"ಅತ್ತೆ, ಒಂದ್ ಮಾತು ಕೇಳ್ಲಾ? ಇವರ ಮೊದಲನೇ ಮಗೂಗೂ ಹೃದಯದಲ್ಲಿ ರಂಧ್ರ ಇತ್ತು ತಾನೆ?"

"ಹೂಂ."

"ಆ ತಾಯಿ ಬೇರೆ, ನಾನ್ ಬೇರೆ. ಎರಡು ಮಕ್ಕಳಿಗೂ ಅಪ್ಪ ಒಬ್ರೇ."

ಅಮ್ಮನ ಕೈಯಲ್ಲಿದ್ದ ಹುರುಳಿಕಾಯಿ ಹಾಗೇ ನಿಂತಿತು. ಅಷ್ಟು ಸರಳವಾದ ಮಾತು. ಅದನ್ನು ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಯೋಚಿಸಿರಲಿಲ್ಲ, ಬ್ಯಾಂಕಿನಲ್ಲಿ ಕೆಲಸ ಮಾಡುವ ನಾನೂ ಸೇರಿ. ಅತ್ತಿಗೆ ಸಿಟ್ಟಿನಲ್ಲಿ ಹೇಳಲಿಲ್ಲ. ಅವರಿಗೆ ಮಗಳ ಚಿಂತೆ ಇತ್ತು, ಯಾರನ್ನೂ ಗೆಲ್ಲುವುದು ಬೇಕಿರಲಿಲ್ಲ. ಮುಂದಿನ ವಾರ ಹೃದಯದ ಡಾಕ್ಟರ ಹತ್ತಿರ ಹೋದಾಗ ಇದನ್ನೇ ಅವರಿಗೂ ಹೇಳಿದರು. ಆ ಡಾಕ್ಟರು ಹುಡುಗಿಯ ಕೈಯನ್ನು ಮೊದಲ ಸಲ ಗಮನವಿಟ್ಟು ನೋಡಿ, ಆನುವಂಶಿಕ ಕಾಯಿಲೆಗಳನ್ನು ನೋಡುವ ಇನ್ನೊಬ್ಬ ಡಾಕ್ಟರ ಹತ್ತಿರ ಕಳಿಸಿದರು. ಮನೆಯವರೆಲ್ಲರೂ ಬರಬೇಕು, ಅಜ್ಜಿಯೂ, ಅತ್ತೆಯೂ ಎಂದರು. ಅಜ್ಜಿ ಎಂದರೆ ಅಮ್ಮ, ಅತ್ತೆ ಎಂದರೆ ನಾನು.

ಆ ಡಾಕ್ಟರು ನಡುವಯಸ್ಸಿನ ಹೆಂಗಸು, ಮೆಲುಮಾತಿನವರು. ಹುಡುಗಿಯ ಎದೆಗೆ ಕೈ ಹಚ್ಚಲೂ ಇಲ್ಲ. ಅವಳ ಎರಡೂ ಕೈಗಳನ್ನು ಮೇಜಿನ ಮೇಲೆ ಇರಿಸಿಕೊಂಡು ನೋಡಿದರು. ಆಮೇಲೆ ಅಣ್ಣನ ಕಡೆ ತಿರುಗಿ, "ನಿಮ್ಮ ಕೈ ತೋರಿಸಿ" ಎಂದರು. ಅಣ್ಣ ಎಡಗೈ ಚಾಚಿದ.

"ನಿಮ್ಮ ಮನೇಲಿ ಇನ್ಯಾರಿಗೆ ಹೀಗಿತ್ತು?"

"ನಮ್ಮ ಅಪ್ಪಂಗೆ. ತಾತಂಗೆ."

"ಅವರು ಹೇಗೆ ತೀರಿಕೊಂಡ್ರು?"

ಅಣ್ಣ ಹೇಳಿದ. ನಿಧಾನದ ನಾಡಿಯ ವಿಷಯವನ್ನು ಅಮ್ಮನೇ ಸೇರಿಸಿದಳು. ಎಷ್ಟೋ ವರ್ಷಗಳಿಂದ ಹೆಮ್ಮೆಯಿಂದ ಹೇಳುತ್ತಿದ್ದುದನ್ನು ಆ ದಿನ ಸಣ್ಣ ದನಿಯಲ್ಲಿ ಹೇಳಿದಳು.

"ಮೊದಲನೇ ಮಗು ಕೈ ಹೇಗಿತ್ತು? ಯಾರಿಗಾದ್ರೂ ನೆನಪಿದ್ಯಾ?"

ಅಣ್ಣ ತಲೆ ತಗ್ಗಿಸಿದ. ಇದಕ್ಕೂ ಅಮ್ಮನೇ ಉತ್ತರಿಸಿದಳು. ಬಲಗೈಯಲ್ಲಿ ಈ ಬೆರಳು, ಎಡಗೈಯಲ್ಲಿ ಬೆರಳೇ ಇರಲಿಲ್ಲ ಎಂದಳು. ಹೇಳುತ್ತ ಹೇಳುತ್ತ ಅವಳಿಗೇ ಎಲ್ಲ ಒಂದೊಂದಾಗಿ ಕೂಡಿಕೊಳ್ಳುತ್ತಿದ್ದುದು ಅವಳ ಮುಖದಲ್ಲಿ ಕಾಣುತ್ತಿತ್ತು.

ಎಕ್ಸ್‌ರೇ, ಇಸಿಜಿ, ಎಲ್ಲ ಆದ ಮೇಲೆ ಡಾಕ್ಟರು ನಮ್ಮನ್ನು ಕೂರಿಸಿ ವಿವರಿಸಿದರು. ಅದಕ್ಕೆ ವೈದ್ಯಕೀಯದಲ್ಲಿ ಒಂದು ದೊಡ್ಡ ಹೆಸರಿದೆ. ನಮಗೆ ಅರ್ಥವಾಗಲೆಂದು ಅವರು ಕೈ ಮತ್ತು ಹೃದಯದ ಕಾಯಿಲೆ ಎಂದರು.

"ಗರ್ಭದಲ್ಲಿ ಮೊದಲ ಕೆಲವು ವಾರಗಳಲ್ಲೇ ಮಗುವಿನ ಹೃದಯಾನೂ ಕೈಗಳೂ ರೂಪ ತಗೊಳ್ತವೆ. ಎರಡಕ್ಕೂ ಹೀಗ್ ಬೆಳೀಬೇಕು ಅಂತ ಹೇಳಿಕೊಡೋ ಒಂದು ಜೀನ್ ಇದೆ. ನಮ್ಮೆಲ್ಲರಲ್ಲೂ ಅದರದ್ದು ಎರಡು ಪ್ರತಿ. ಒಂದು ತಾಯಿಯಿಂದ, ಒಂದು ತಂದೆಯಿಂದ. ನಿಮ್ಮ ಯಜಮಾನ್ರ ವಂಶದಲ್ಲಿ ಒಂದು ಪ್ರತಿಲಿ ತಪ್ಪಿದೆ. ಮಗು ಹುಟ್ಟೋವಾಗ್ಲೆಲ್ಲ ಒಳ್ಳೇ ಪ್ರತಿ ಹೋಗಬಹುದು, ತಪ್ಪಿರೋದು ಹೋಗಬಹುದು. ನಾಣ್ಯ ಚಿಮ್ಮಿದ ಹಾಗೆ. ತಪ್ಪಿರೋದು ಬಂದ್ರೂ ಎಲ್ಲರಿಗೂ ಒಂದೇ ಥರ ಆಗಲ್ಲ. ಒಬ್ಬರಿಗೆ ಬರೀ ಬೆರಳು, ಒಬ್ಬರಿಗೆ ಹೃದಯದಲ್ಲಿ ರಂಧ್ರ, ಇನ್ನೊಬ್ಬರಿಗೆ ನಾಡಿ ನಿಧಾನ ಆಗ್ತಾ ಆಗ್ತಾ ಒಂದಿನ ನಿಂತೇ ಹೋಗಬಹುದು."

ಅಪ್ಪನ ಯೋಗಿಯ ನಾಡಿ ಏನೆಂದು ನಮಗೆ ತಿಳಿದಿದ್ದು ಆಗ.

"ಗ್ರಹಣ..." ಎಂದಳು ಅಮ್ಮ.

"ಗ್ರಹಣಕ್ಕೂ ಇದಕ್ಕೂ ಸಂಬಂಧ ಇಲ್ಲಮ್ಮ. ಯಾರು ಏನು ತಿಂದ್ರು, ಎಲ್ಲಿ ಹೋದ್ರು, ಅದ್ಯಾವುದೂ ಅಲ್ಲ. ಹೃದಯದ ತೊಂದರೆ ಇರೋ ಎಷ್ಟೋ ಮಕ್ಕಳಲ್ಲಿ ನಮಗೂ ಕಾರಣ ಸಿಗಲ್ಲ. ನಿಮ್ಮ ಮನೇಲಿ ಅದು ಕೈ ಮೇಲೇ ಕಾಣ್ತಿದೆ. ಯಾರ ತಪ್ಪೂ ಅಲ್ಲ, ನಿಮ್ಮ ಯಜಮಾನ್ರದ್ದೂ ಅಲ್ಲ, ನಿಮ್ಮ ಮಗಂದೂ ಅಲ್ಲ."

ನನ್ನ ಕೈ, ನನ್ನ ಹೃದಯ ಎರಡೂ ಸರಿಯಾಗಿದ್ದವು. ನಿಮಗೆ ಆ ತಪ್ಪು ಬಂದಿಲ್ಲ, ನಿಮ್ಮ ಮಕ್ಕಳಿಗೂ ಬರುವುದಿಲ್ಲ ಎಂದರು. ಎಂಥ ನೆಮ್ಮದಿಯಾಯಿತೆಂದು ಹೇಳಲಾರೆ. ಪಕ್ಕದಲ್ಲೇ ಅಣ್ಣ ತನ್ನ ಎಡಗೈಯನ್ನು ಬಲಗೈಯಿಂದ ಮುಚ್ಚಿಕೊಂಡು ಕೂತಿದ್ದ. ಅವನ ಇಸಿಜಿಯೂ ಸರಿಯಿರಲಿಲ್ಲ. ಮುಂದೊಂದು ದಿನ ಪೇಸ್‌ಮೇಕರ್ ಬೇಕಾಗುತ್ತದೆ ಎಂದರು. ಅಪ್ಪನಿಗೂ ಅದೊಂದಿದ್ದರೆ ಬದುಕುತ್ತಿದ್ದರೇನೋ.

ಮನೆಗೆ ಬಂದ ಮೇಲೆ ಅಮ್ಮ ಬಹಳ ದಿನ ಸರಿಯಾಗಿ ಮಾತಾಡಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನನಗೆ ಫೋನ್ ಮಾಡಿ, "ಮಾವಳ್ಳಿಗೆ ಹೋಗ್ಬೇಕು. ಕರ್ಕೊಂಡ್ ಹೋಗ್ತೀಯ?" ಎಂದಳು. ಅಣ್ಣನಿಗೆ ಹೇಳಿದ್ದೀಯ ಎಂದು ಕೇಳಿದೆ. ಹೇಳಿದೆ, ಅವನು ಬರಲ್ಲ ಎಂದಳು.

ನಾನು ಹೋಗುವ ಹೊತ್ತಿಗೆ ಅಮ್ಮ ಚೀಲ ಜೋಡಿಸಿಕೊಂಡು ಕೂತಿದ್ದಳು. ಕೋಡುಬಳೆ ಮಾಡಿದ್ದಳು. ಹಣ್ಣಿನ ಜೊತೆ ರವಿಕೆ ಕಣ, ಅರಿಶಿನ ಕುಂಕುಮದ ಪೊಟ್ಟಣಗಳನ್ನು ಇಟ್ಟಳು, ತೆಗೆದಳು, ಮತ್ತೆ ಇಟ್ಟಳು. ಯಾವ ಸಂಬಂಧದಿಂದ ಅವನ್ನು ಕೊಡುವುದು ಎಂದು ಅವಳಿಗೆ ತಿಳಿಯಲಿಲ್ಲ. ಕೊನೆಗೆ ಅವನ್ನು ದೇವರ ಮನೆಯಲ್ಲೇ ಬಿಟ್ಟು, ಕೋಡುಬಳೆ, ಹಣ್ಣು ಮಾತ್ರ ತೆಗೆದುಕೊಂಡಳು.

ಬಾಗಿಲು ತೆರೆದವರು ಅವರೇ. ಕೂದಲು ಅಲ್ಲಲ್ಲಿ ನರೆತಿತ್ತು. ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿ, "ಬನ್ನಿ, ಒಳಗೆ ಬನ್ನಿ" ಎಂದರು. ಅವರ ಅಪ್ಪ ತೀರಿಕೊಂಡಿದ್ದರು. ಅವರ ಅಮ್ಮ ಒಳಗೆ ಮಲಗಿದ್ದರು. ನಮ್ಮ ದನಿ ಕೇಳಿಯೂ ಹೊರಗೆ ಬರಲಿಲ್ಲ. ಮೇಜಿನ ಮೇಲೆ ತಿದ್ದಬೇಕಾದ ಉತ್ತರಪತ್ರಿಕೆಗಳ ಕಟ್ಟಿತ್ತು. ಅತ್ತಿಗೆ ಕಾಫಿ ತಂದರು. ಲೋಟ ಹಿಡಿದುಕೊಂಡು ಅಮ್ಮ ಮಾತು ಶುರುಮಾಡಲು ಒದ್ದಾಡುತ್ತಿದ್ದಳು. ನಾನೇ ಹೇಳಿದೆ. ಹುಡುಗಿಯ ವಿಷಯ, ಡಾಕ್ಟರು ಹೇಳಿದ್ದು, ಜೀನ್, ಬೆರಳು, ಎಲ್ಲವನ್ನೂ.

ಎಲ್ಲ ಮುಗಿದ ಮೇಲೆ ಅಮ್ಮ ಹೇಳಿದಳು. "ನಿನ್ನ ಕಡೇದಲ್ಲ ಕಣಮ್ಮ. ನಮ್ಮ ಕಡೇದು. ನಾನು ಏನೇನೋ ಅಂದ್ಬಿಟ್ಟೆ."

ಅತ್ತಿಗೆ ಉತ್ತರಪತ್ರಿಕೆಗಳ ಕಟ್ಟನ್ನೇ ನೋಡುತ್ತಿದ್ದರು.

"ಪ್ರತಿ ವರ್ಷ ಹತ್ತನೇ ಕ್ಲಾಸಿಗೆ ಅನುವಂಶೀಯತೆ ಪಾಠ ನಾನೇ ಮಾಡ್ತೀನಿ" ಎಂದರು ನನ್ನ ಕಡೆ ತಿರುಗಿ. "ಬಟಾಣಿ ಗಿಡ. ಗಿಡ್ಡ, ಉದ್ದ. ಅಪ್ಪನಿಂದ ಏನು ಬಂತು, ಅಮ್ಮನಿಂದ ಏನು ಬಂತು ಅಂತ ಬೋರ್ಡ್ ಮೇಲೆ ಚೌಕ ಹಾಕಿ ತೋರಿಸ್ತೀನಿ. ಮಕ್ಕಳ ಕೈಲೂ ಹಾಕಿಸ್ತೀನಿ. ಒಂದ್ ಸಲಾನೂ ಆ ಬೆರಳು ನೆನಪಾಗ್ಲಿಲ್ಲ ನೋಡು. ನನ್ನಿಂದಾನೇ ಅಂತ ಅಷ್ಟು ನಂಬಿಬಿಟ್ಟಿದ್ದೆ."

ಅಮ್ಮ ಕಣ್ಣೊರೆಸಿಕೊಂಡಳು. ಅತ್ತಿಗೆ ಅಳಲಿಲ್ಲ. ಯಾರಿಗೂ ಅಲ್ಲ ಎನ್ನುವ ಹಾಗೆ ಹೇಳಿದರು.

"ನಮ್ಮ ಸ್ಕೂಲಲ್ಲಿ ಒಬ್ಬರು ಮೇಷ್ಟ್ರಿದ್ರು. ಒಳ್ಳೆಯವರು. ಎಲ್ಲ ತಿಳಿದೂ ಮದುವೆ ಮಾತು ಎತ್ತಿದ್ರು. ನಾನು ಬೇಡ ಅಂದೆ. ಇನ್ನೊಂದು ಮಗೂಗೆ ಹಾಗೆ ಮಾಡೋದ್ ಬೇಡ ಅಂತ. ಅವರು ಬೇರೆ ಊರಿಗೆ ಹೋದ್ರು. ಅವರಿಗೀಗ ಇಬ್ಬರು ಮಕ್ಕಳು."

"ನನ್ನನ್ನ ಕ್ಷಮಿಸ್ಬಿಡಮ್ಮ" ಎಂದಳು ಅಮ್ಮ. ಅಮ್ಮ ಯಾರನ್ನಾದರೂ ಕ್ಷಮೆ ಕೇಳಿದ್ದನ್ನು ನಾನು ಕಂಡಿದ್ದು ಅದೊಂದೇ ಸಲ.

"ಕಾಯಿಲೆ ನಿಮ್ಮ ತಪ್ಪಲ್ಲ" ಎಂದರು ಅವರು. ಅತ್ತೆ ಎನ್ನಲಿಲ್ಲ, ಬೇರೆ ಏನೆಂದೂ ಕರೆಯಲಿಲ್ಲ. "ಮಿಕ್ಕಿದ್ದಕ್ಕೆ ಏನ್ ಹೇಳ್ಲಿ ನಾನು? ಗೊತ್ತಾಗ್ತಿಲ್ಲ. ಸುಮ್ನೆ ಆಯ್ತು ಬಿಡಿ ಅಂದ್ರೆ ಸುಳ್ಳಾಗುತ್ತೆ." ಆಮೇಲೆ ಕೇಳಿದರು. "ಹುಡುಗಿಗೆ ಆಪರೇಷನ್ ಯಾವಾಗ?"

"ಬೇಸಿಗೆ ರಜದಲ್ಲಿ" ಎಂದೆ.

"ಒಳ್ಳೇದಾಗುತ್ತೆ. ನನಗೊಂದು ಫೋನ್ ಮಾಡು."

ಬಾಗಿಲ ತನಕ ಬಂದು ಕಳಿಸಿದರು. ಅಮ್ಮನ ಕೈಗೆ ಖಾಲಿ ಚೀಲ ಕೊಡಬಾರದೆಂದು ಅದರಲ್ಲಿ ಎರಡು ನಿಂಬೆಹಣ್ಣು ಹಾಕಿದ್ದರು. ಆಟೋದಲ್ಲಿ ಅಮ್ಮ ಇಡೀ ದಾರಿ ಚೀಲವನ್ನು ಎದೆಗವಚಿಕೊಂಡು ಕೂತಿದ್ದಳು. "ಕರ್ಕೊಂಡ್ ಬಂದಿದ್ರೆ ಆಗಿತ್ತು. ಅವತ್ತೇ ಹೋಗಿ ಕರ್ಕೊಂಡ್ ಬಂದಿದ್ರೆ" ಎಂದು ಎರಡು ಮೂರು ಸಲ ಅಂದಳು.

ಬೇಸಿಗೆಯಲ್ಲಿ ಆಪರೇಷನ್ ಚೆನ್ನಾಗಿ ಆಯಿತು. ನಾನು ಮಾವಳ್ಳಿಗೆ ಫೋನ್ ಮಾಡಿ ಹೇಳಿದೆ. "ಒಳ್ಳೇದಾಯ್ತು, ಬಹಳ ಒಳ್ಳೇದಾಯ್ತು" ಎಂದು ಫೋನ್ ಇಟ್ಟರು. ಅಮ್ಮ ಮತ್ತೊಮ್ಮೆ ಅಲ್ಲಿಗೆ ಹೋಗಬೇಕು ಎನ್ನುತ್ತಲೇ ಇದ್ದಳು. ಹೋಗಲಿಲ್ಲ, ಅವರೂ ಕರೆಯಲಿಲ್ಲ. ಮೂರು ನಾಲ್ಕು ವರ್ಷದಲ್ಲಿ ಅಮ್ಮ ತೀರಿಕೊಂಡಳು. ಅಣ್ಣನಿಗೆ ಪೇಸ್‌ಮೇಕರ್ ಹಾಕಿಸಬೇಕಾಯಿತು. ಅವನು ಮಾವಳ್ಳಿಯ ಮಾತನ್ನು ನನ್ನ ಹತ್ತಿರ ಎಂದೂ ಎತ್ತಲಿಲ್ಲ. ನಾನು ಎತ್ತಿದಾಗ ಎದ್ದು ಹೊರಗೆ ಹೋಗುತ್ತಿದ್ದ.

ಅಮ್ಮನ ವರ್ಷಾಬ್ದಿಕಕ್ಕೆ ಎಲ್ಲರೂ ಸೇರಿದ್ದೆವು. ಊಟವಾದ ಮೇಲೆ ಹಜಾರದಲ್ಲಿ ಕೂತಿದ್ದೆವು. ಹುಡುಗಿ ಆಗ ಹೈಸ್ಕೂಲು ಮುಟ್ಟುವ ವಯಸ್ಸು. ಅವಳಮ್ಮ ಅವಳಿಗೆ ಏನನ್ನೂ ಮುಚ್ಚಿಟ್ಟಿರಲಿಲ್ಲ. ಕೈ ಯಾಕೆ ಹೀಗಿದೆ, ಎದೆಯ ಮೇಲಿನ ಗೆರೆ ಯಾತರದು, ಮುಂದೆ ಅವಳಿಗೆ ಮಕ್ಕಳಾಗುವಾಗ ಡಾಕ್ಟರನ್ನು ಏನು ಕೇಳಬೇಕು, ಎಲ್ಲ ಅವಳಿಗೆ ಗೊತ್ತಿತ್ತು. ಏನೋ ನೆನಪಾದವಳಂತೆ ಅಣ್ಣನ ಪಕ್ಕ ಹೋಗಿ ಕೂತು ಕೇಳಿದಳು.

"ಅಪ್ಪ, ನಂಗೆ ಅಣ್ಣ ಒಬ್ಬ ಇದ್ನಲ್ಲ, ಅವನ ಹೆಸರೇನು?"

ಆ ಮಗುವಿಗೆ ಸಣ್ಣದಾಗಿ ನಾಮಕರಣ ಮಾಡಿದ್ದೆವು. ಅದು ಹೋದ ಮೇಲೆ ಮಗು ಎಂದೇ ಹೊರತು ಹೆಸರು ಹಿಡಿದು ಯಾರೂ ಹೇಳಿರಲಿಲ್ಲ. ಅಣ್ಣ ಎದ್ದು ಹೋಗಲಿಲ್ಲ. ಮಗಳ ಮುಖ ನೋಡಿ, ಹೆಸರು ಹೇಳಿದ. ದನಿ ಒಡೆಯಿತು. ಇನ್ನೊಂದು ಸಲ ಸ್ಪಷ್ಟವಾಗಿ ಹೇಳಿದ.

"ಚೆನ್ನಾಗಿದೆ. ಯಾರಿಟ್ಟಿದ್ದು?" ಎಂದಳು ಹುಡುಗಿ.

"ಅವರಮ್ಮ" ಎಂದ ಅಣ್ಣ.